ಪುಸ್ತಕದಂಗಡಿಯೂ ಬೋಧನಾಭ್ಯಾಸದ ಶಾಲೆಯೇ

ಬೋಧನಾಭ್ಯಾಸದ ಪಾಠಯೋಜನೆಯಲ್ಲಿ ‘ಆಕರ ಗ್ರಂಥಗಳು’ ಎಂಬ ಒಂದು ಸಾಲು ಇರುತ್ತದೆ. ಪ್ರಶಿಕ್ಷಣಾರ್ಥಿಗಳು ಅದನ್ನು ತುಂಬುವುದು ಎಲ್ಲಕ್ಕಿಂತ ಕಡೆಯಲ್ಲಿ. ಮಾರ್ಗದರ್ಶಕರಾದ ನಾವು ಅದರ ಮೇಲೆ ಕಣ್ಣಾಡಿಸುವುದೂ ಕಡೆಯಲ್ಲೇ. ಕನ್ನಡ ಬೋಧನಾ ಪದ್ಧತಿಯನ್ನು ಕಲಿಸುವ ನಾನು ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಕಡೆಯ ಶಾಲೆಗಳಿಗೆ ಪಾಠ ಅವಲೋಕನಕ್ಕೆ ಹೋದಾಗ ಈಚೆಗೆ ಮೊದಲು ಓದುವುದು ಆ ಸಾಲನ್ನೇ. ಅಲ್ಲಿ ಸಾಮಾನ್ಯವಾಗಿ ಇರುವುದು ಮೂರು: ಪಠ್ಯಪುಸ್ತಕ, ಶಿಕ್ಷಕರ ಕೈಪಿಡಿ, ಯಾವುದೋ ಒಂದು ಗೈಡು. ಪಾಠ ವಚನವಿರಲಿ, ಸಣ್ಣಕಥೆಯಿರಲಿ, ಪ್ರವಾಸಕಥನವಿರಲಿ, ಆ ಸಾಲು ಮಾತ್ರ ಬದಲಾಗುವುದಿಲ್ಲ.

ಇದನ್ನು ಸೋಮಾರಿತನ ಎಂದು ಬರೆದು ಅಂಕ ಕಳೆಯುವುದು ಸುಲಭ. ಆದರೆ ಪ್ರಶಿಕ್ಷಣಾರ್ಥಿಗಳನ್ನು ಕೇಳಿ ನೋಡಿದರೆ ಅವರು ಹೇಳುವ ಕಾರಣ ಬೇರೆ: “ಅಂಗಡೀಲಿ ಇದ್ದದ್ದೇ ಇಷ್ಟು.” ಆ ಮಾತು ನಿಜ. ಬಸ್ ನಿಲ್ದಾಣದ ಸುತ್ತ, ಬಿ.ಎಚ್. ರಸ್ತೆಯ ಉದ್ದಕ್ಕೂ ‘ಬುಕ್ ಸ್ಟಾಲ್’, ‘ಬುಕ್ ಹೌಸ್’ ಎಂಬ ಬೋರ್ಡುಗಳಿವೆ. ಒಳಗೆ ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು, ಟಿಇಟಿ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕ, ಗೈಡುಗಳ ರಾಶಿ, ಮೂಲೆಯಲ್ಲಿ ಜೆರಾಕ್ಸ್ ಯಂತ್ರ. ಸಾಹಿತ್ಯಕ್ಕೆಂದು ಒಂದು ಕಪಾಟು ಇದ್ದರೆ ಅದರಲ್ಲಿ ಕುವೆಂಪು, ಕಾರಂತ, ಭೈರಪ್ಪ, ತೇಜಸ್ವಿ ಇರುತ್ತಾರೆ. ಅವರು ಇರಲೇಬೇಕು. ಅವರ ಪಕ್ಕದಲ್ಲಿ ಯಾರಿಲ್ಲ ಎಂಬುದು ನನ್ನ ಪ್ರಶ್ನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯ ಕಪಾಟಿಗೆ ಬಾರದ ಲೇಖಕರು ನಮ್ಮ ಪಾಠಯೋಜನೆಗೂ ಬರುವುದಿಲ್ಲ, ಪಾಠಯೋಜನೆಗೆ ಬಾರದವರು ತರಗತಿಗೂ ಬರುವುದಿಲ್ಲ. ಆದ್ದರಿಂದ ದಲಿತ, ಅಲೆಮಾರಿ, ಬುಡಕಟ್ಟು, ಮುಸ್ಲಿಂ ಸಮುದಾಯಗಳ ಲೇಖಕರನ್ನು ಮುಂದಿಟ್ಟುಕೊಂಡು ಮಾರುವ ಸಣ್ಣ ಪುಸ್ತಕದಂಗಡಿಗಳಿಗೆ, ಸಣ್ಣ ಪ್ರಕಾಶಕರಿಗೆ ಗಿರಾಕಿಗಳಾಗಿ ನಿಲ್ಲುವುದು ಶಿಕ್ಷಣ ಕಾಲೇಜುಗಳ ಕೆಲಸ. ಇದು ಉಪಕಾರವಲ್ಲ, ನಮ್ಮ ವೃತ್ತಿಯ ಅಗತ್ಯ.

ನಮ್ಮ ಅಭ್ಯಾಸ ಶಾಲೆಗಳಲ್ಲಿ ಕೂತಿರುವ ಮಕ್ಕಳು ಯಾರು ಎಂದು ಯೋಚಿಸಿ. ಹಟ್ಟಿಯಿಂದ ಬರುವವರು, ಗೊಲ್ಲರಹಟ್ಟಿಯಿಂದ ಬರುವವರು, ತಾಂಡಾದಿಂದ ಬರುವವರು, ಮನೆಯಲ್ಲಿ ಉರ್ದು ಆಡಿ ಶಾಲೆಯಲ್ಲಿ ಕನ್ನಡ ಕಲಿಯುವವರು. ಈ ಮಕ್ಕಳ ಸಮುದಾಯಗಳಿಗೆ ಸಾಹಿತ್ಯವಿಲ್ಲ ಎನ್ನುವ ಹಾಗಿಲ್ಲ. ಕಾಡುಗೊಲ್ಲರು ಗಣೆ ನುಡಿಸಿಕೊಂಡು ಹಾಡುವ ಜುಂಜಪ್ಪನ ಕಾವ್ಯ ನಮ್ಮ ಜಿಲ್ಲೆಯ ಶಿರಾ ಸೀಮೆಯ ಸ್ವತ್ತು. ತುಮಕೂರಿನಲ್ಲೇ ನೆಲೆಸಿ ಬರೆದ ಕೆ.ಬಿ. ಸಿದ್ದಯ್ಯನವರು ‘ಬಕಾಲ’, ‘ದಕ್ಲಕಥಾ ದೇವಿಕಾವ್ಯ’ದಂಥ ಖಂಡಕಾವ್ಯಗಳಿಂದ ಕನ್ನಡ ಕಾವ್ಯಕ್ಕೆ ಹೊಸ ನುಡಿಗಟ್ಟು ತಂದರು. ಮಾದಿಗ ಸಮುದಾಯದ ಪುರಾಣವನ್ನು ಹೇಳಿಕೊಂಡು ಬಂದ ದಕ್ಕಲರ ಲೋಕವನ್ನು ಕಾವ್ಯದ ನಡುಮನೆಗೆ ಕರೆತಂದವರು ಅವರು. ತೀರಿಕೊಂಡದ್ದು 2019ರಲ್ಲಿ, ಇನ್ನೂ ಹತ್ತಿರದ ಕಾಲ. ಆ ಕಾವ್ಯ ನಾಟಕವಾಗಿ ರಂಗಕ್ಕೂ ಬಂತು. ಆದರೆ ಅವರು ಓಡಾಡಿದ ಊರಿನ ಅಂಗಡಿಗಳಲ್ಲಿ ಅವರ ಪುಸ್ತಕ ಕೇಳಿದಾಗೆಲ್ಲ ನನಗೆ ಸಿಕ್ಕ ಉತ್ತರ “ಬೇಕಿದ್ರೆ ತರಿಸಿಕೊಡ್ತೀವಿ” ಎಂಬುದು.

ಅಂಗಡಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರ ಲೆಕ್ಕ ಅವರಿಗಿದೆ. ಗೈಡು ಜೂನ್ ತಿಂಗಳಲ್ಲಿ ಬಂದು ಆಗಸ್ಟ್ ಹೊತ್ತಿಗೆ ಖಾಲಿಯಾಗುತ್ತದೆ. ಒಂದು ಕವನ ಸಂಕಲನ ಎರಡು ವರ್ಷ ಕಪಾಟಿನಲ್ಲಿ ಕೂತರೂ ಕೂತೀತು. ಬಾಡಿಗೆ ಮಾತ್ರ ಪ್ರತಿ ತಿಂಗಳೂ ಕಟ್ಟಬೇಕು. ಹಾಗಾಗಿ ಕೇಳುವವರಿರುವ ಪುಸ್ತಕವನ್ನಷ್ಟೇ ಅವರು ಇಡುತ್ತಾರೆ. ಕೇಳಿಸಿಕೊಳ್ಳುವ ಶಕ್ತಿಯಿರುವ ಲೇಖಕರು ಪಠ್ಯದಲ್ಲಿ, ಪತ್ರಿಕೆಯಲ್ಲಿ, ಸಮ್ಮೇಳನದ ವೇದಿಕೆಯಲ್ಲಿ ಮೊದಲೇ ಹೆಸರಾದವರು. ಅಂಗಡಿಯವರ ಮನಸ್ಸಿನಲ್ಲಿ ಭೇದವಿರಬೇಕಾಗಿಲ್ಲ. ಬೇಡಿಕೆಯ ದಾರಿಯಲ್ಲೇ ಆ ಭೇದ ಕಪಾಟಿಗೆ ಬಂದು ಕೂರುತ್ತದೆ. ಬೇಡಿಕೆ ಹುಟ್ಟಿಸುವವರಲ್ಲಿ ಮೊದಲಿಗರು ಯಾರು? ಶಿಕ್ಷಕರು.

ಹೊರಗೆ ಉಳಿದವರು ತಮ್ಮ ಮಳಿಗೆಯನ್ನು ತಾವೇ ಹಾಕಿಕೊಂಡದ್ದು ಕನ್ನಡದಲ್ಲಿ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ್ದನ್ನು ನಾವು ತರಗತಿಯಲ್ಲಿ ಹೇಳುತ್ತೇವೆ. ಅಂಥದ್ದೇ ಕೆಲಸ 1970ರ ದಶಕದಿಂದ ಈಚೆಗೆ ದಲಿತ ಚಳವಳಿಯಲ್ಲಿ ನಡೆಯಿತು. ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಅದರ ಹಾಡುಗಳನ್ನು ದೊಡ್ಡ ಅಂಗಡಿಗಳು ಹರಡಲಿಲ್ಲ, ಸಭೆಗಳೂ ಮೆರವಣಿಗೆಗಳೂ ಹರಡಿದವು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಸಿಗದೆ ಹೋದದ್ದು ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಲು ಒಂದು ಕಾರಣವಾಯಿತು. ಅದರ ಮುಂಚೂಣಿಯಲ್ಲಿದ್ದ ಬರಗೂರು ರಾಮಚಂದ್ರಪ್ಪನವರು ನಮ್ಮ ಜಿಲ್ಲೆಯ ಶಿರಾ ತಾಲ್ಲೂಕಿನವರು. ಇಂದಿಗೂ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ದಿನ ಸಭೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಪುಸ್ತಕ ಹರಡಿಕೊಂಡು ಕೂತವರನ್ನು ನೋಡಬಹುದು. ಬಾಡಿಗೆಯಿಲ್ಲದ, ಬೋರ್ಡಿಲ್ಲದ ಆ ಅಂಗಡಿಯಲ್ಲಿ ಸಿಗುವ ಪುಸ್ತಕಗಳು ಎಷ್ಟೋ ಬೋರ್ಡಿರುವ ಅಂಗಡಿಗಳಲ್ಲಿ ಸಿಗುವುದಿಲ್ಲ.

ಮುಸ್ಲಿಂ ಲೇಖಕಿಯರ ದಾರಿಯೂ ಇಂಥದ್ದೇ. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡದಲ್ಲಿ ಓದಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 1994ರಲ್ಲಿ ಅವರು ಚಂದ್ರಗಿರಿ ಪ್ರಕಾಶನವನ್ನು ತಾವೇ ಆರಂಭಿಸಿದರು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ನಮ್ಮ ಕಾಲೇಜಿನಲ್ಲೂ ಅವರ ಪುಸ್ತಕ ಕೇಳಿದವರಿದ್ದರು. ಆ ಸಂಕಲನದ ಕಥೆಗಳು 1990ರಿಂದ ಈಚೆಗೆ ಮೂರು ದಶಕಗಳ ಅವಧಿಯಲ್ಲಿ ಬರೆದವು. ಅಷ್ಟು ಕಾಲ ಅವು ಕನ್ನಡದಲ್ಲೇ ಇದ್ದವು. ನಮ್ಮ ಮಕ್ಕಳು ಓದುವ ಭಾಷೆಯಲ್ಲೇ ಇದ್ದ ಕಥೆಗೆ ಲಂಡನ್ನಿನಿಂದ ಶಿಫಾರಸು ಬರುವವರೆಗೆ ಶಿಕ್ಷಕರು ಕಾಯಬೇಕಾಗಿಲ್ಲ.

ಲಂಡನ್ ಎಂದಾಗ ಇನ್ನೊಂದು ಅಂಗಡಿಯ ಮಾತು ಹೇಳಬೇಕು. ಕಪಾಟಿನಲ್ಲಿ ಜಾಗ ಸಿಗದ ಲೇಖಕರಿಗಾಗಿ ಅಂಗಡಿ ಹಾಕಿದವರು ಅಲ್ಲೂ ಇದ್ದರು, ಅವರ ಕೆಲಸ ನೇರವಾಗಿ ಶಿಕ್ಷಣಕ್ಕೆ ಬಂದು ಮುಟ್ಟಿತು. ಟ್ರಿನಿಡಾಡ್ ದ್ವೀಪದಿಂದ ಹೋಗಿ ಲಂಡನ್ನಿನಲ್ಲಿ ನೆಲೆಸಿದ ಜಾನ್ ಲಾ ರೋಸ್, ಸಾರಾ ವೈಟ್ ಜೊತೆ ಸೇರಿ 1966ರಲ್ಲಿ ನ್ಯೂ ಬೀಕನ್ ಬುಕ್ಸ್ ಆರಂಭಿಸಿದರು. ಕೆರೀಬಿಯನ್, ಆಫ್ರಿಕಾ, ಏಷ್ಯಾ ಮೂಲದ ಕಪ್ಪು, ಕಂದು ಬಣ್ಣದ ಲೇಖಕರ ಪುಸ್ತಕಗಳನ್ನು ಅಚ್ಚು ಹಾಕುವುದು, ಮಾರುವುದು ಅದರ ಕೆಲಸ. ಪುಸ್ತಕ ಕೊಳ್ಳಲು ಬಂದ ತಂದೆ ತಾಯಂದಿರು, ಶಿಕ್ಷಕರು ಅಲ್ಲಿ ಮಕ್ಕಳ ಓದಿನ ಬಗ್ಗೆ ಮಾತಾಡತೊಡಗಿದರು. 1969ರಲ್ಲಿ ಲಾ ರೋಸ್ ತಮ್ಮ ಮನೆಯಲ್ಲೇ ಜಾರ್ಜ್ ಪ್ಯಾಡ್‌ಮೋರ್ ಹೆಸರಿನ ಪೂರಕ ಶಾಲೆ ತೆರೆದರು. 1971ರಲ್ಲಿ ಗ್ರೆನೆಡಾ ಮೂಲದ ಶಿಕ್ಷಕ ಬರ್ನಾರ್ಡ್ ಕೋರ್ಡ್ ಬರೆದ ಒಂದು ಚಿಕ್ಕ ಪುಸ್ತಕವನ್ನು ಅದೇ ನ್ಯೂ ಬೀಕನ್ ಪ್ರಕಟಿಸಿತು. ಕೆರೀಬಿಯನ್ ಮೂಲದ ಮಕ್ಕಳನ್ನು ಬುದ್ಧಿಮಟ್ಟ ಕಡಿಮೆ ಎಂದು ಹಣೆಪಟ್ಟಿ ಹಚ್ಚಿ ಬೇರೆ ಶಾಲೆಗಳಿಗೆ ಸಾಗಿಸುತ್ತಿದ್ದುದನ್ನು ಆ ಪುಸ್ತಕ ಬಯಲಿಗೆಳೆಯಿತು. ಮಕ್ಕಳ ನುಡಿಯನ್ನೂ ಬದುಕನ್ನೂ ಅರಿಯದ ಪರೀಕ್ಷೆ ಮತ್ತು ಶಿಕ್ಷಕರ ಕಡಿಮೆ ನಿರೀಕ್ಷೆಯೇ ಇದಕ್ಕೆ ಕಾರಣ ಎಂದು ವಾದಿಸಿತು. ಬ್ರಿಟನ್ನಿನ ಶಿಕ್ಷಣದ ಚರ್ಚೆಯನ್ನೇ ಅಲುಗಾಡಿಸಿದ ಆ ಬರಹ ಹೊರಬಂದದ್ದು ಒಂದು ಪುಟ್ಟ ಪುಸ್ತಕದಂಗಡಿಯಿಂದ. ವಿಶ್ವವಿದ್ಯಾಲಯವೋ ಇಲಾಖೆಯೋ ಅದನ್ನು ತಂದದ್ದಲ್ಲ.

ಇದನ್ನು ಓದಿದಾಗ ನನಗೆ ನಮ್ಮ ಅವಲೋಕನ ಪಟ್ಟಿಗಳು ನೆನಪಾಗುತ್ತವೆ. ‘ಕಲಿಕೆಯಲ್ಲಿ ಹಿಂದುಳಿದವರು’ ಎಂಬ ಕಾಲಂ ಅಲ್ಲಿದೆ. ಮಗು ಪಾಠಕ್ಕೆ ಸ್ಪಂದಿಸದಿದ್ದರೆ ಹೆಸರು ಆ ಕಾಲಂಗೆ ಹೋಗುತ್ತದೆ. ಪಾಠ ಮಗುವಿನ ಬದುಕಿಗೆ ಸ್ಪಂದಿಸಿತೇ ಎಂದು ಕೇಳುವ ಕಾಲಂ ಇಲ್ಲ.

ಕುಣಿಗಲ್ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ನೋಡಿದ ಪಾಠವೊಂದನ್ನು ಇಲ್ಲಿ ಹೇಳುತ್ತೇನೆ. ಪ್ರಶಿಕ್ಷಣಾರ್ಥಿಯೊಬ್ಬರು ಗದ್ಯಪಾಠದ ಕಡೆಯ ಐದು ನಿಮಿಷ ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಿಂದ ಒಂದು ಪುಟ ಓದಿದರು. ಲೇಖಕರ ಊರು ಮಂಚನಬೆಲೆ, ಕುಣಿಗಲ್ಲಿನ ಮಗ್ಗುಲಿಗಿರುವ ಮಾಗಡಿ ತಾಲ್ಲೂಕಿನದು. ಆ ಪುಸ್ತಕದ ಗುಣ ಗೊತ್ತಿರುವವರಿಗೆ ಗೊತ್ತು: ನೋವಿನ ಮಾತನ್ನೂ ನಗಿಸುತ್ತ ಹೇಳುತ್ತದೆ. ತರಗತಿ ನಕ್ಕಿತು. ಅದುವರೆಗೆ ಬಾಯಿ ಬಿಡದೆ ಕಡೇ ಬೆಂಚಿನಲ್ಲಿ ಕೂತಿದ್ದ ಹುಡುಗನೊಬ್ಬ ಗಂಟೆ ಹೊಡೆದ ಮೇಲೆ ಬಂದು ಕೇಳಿದ: “ಈ ಬುಕ್ಕು ಎಲ್ ಸಿಗುತ್ತೆ ಮಿಸ್?” ಆಕೆ ಅದನ್ನು ಕೊಂಡದ್ದು ಜಯಂತಿಯ ದಿನ ಹಾಳೆಯ ಮೇಲೆ ಹರಡಿಟ್ಟ ರಾಶಿಯಿಂದ. ಮುಂದಿನ ಏಪ್ರಿಲ್‌ವರೆಗೆ ಕಾಯಿ ಎಂದು ಒಂಬತ್ತನೇ ತರಗತಿಯ ಹುಡುಗನಿಗೆ ಹೇಳಲಾದೀತೇ? ತನ್ನ ಪ್ರತಿಯನ್ನೇ ಕೊಟ್ಟು ಬಂದರು. ಒಳ್ಳೆಯದೇ. ಆದರೆ ಇಂಥ ಪ್ರಶ್ನೆಗೆ ಉತ್ತರ ಒಬ್ಬ ಶಿಕ್ಷಕಿಯ ಕೈಚೀಲದಲ್ಲಿ ಮಾತ್ರ ಇದ್ದರೆ ಸಾಲದು. ಊರಿನಲ್ಲಿ ಒಂದು ವಿಳಾಸ ಇರಬೇಕು.

ಅಮೆರಿಕದ ಶಿಕ್ಷಣತಜ್ಞೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಒಂದು ಮಾತು ಹೇಳಿದರು. ಮಕ್ಕಳಿಗೆ ಪುಸ್ತಕ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂಬುದು ಅದರ ಸಾರ. ತನ್ನ ಮುಖ ಕಾಣುವ ಕನ್ನಡಿಯೇ ಸಿಗದ ಮಗು ಶಾಲೆಯಲ್ಲಿ ತಾನು ಲೆಕ್ಕಕ್ಕಿಲ್ಲ ಎಂದು ಕಲಿಯುತ್ತದೆ. ಬರೀ ಕನ್ನಡಿಯನ್ನೇ ನೋಡಿ ಬೆಳೆದ ಮಗು ತಾನೊಬ್ಬನೇ ಲೋಕ ಎಂದುಕೊಳ್ಳುತ್ತದೆ. ಎರಡನೆಯ ಮಾತನ್ನು ನಾವು ಮರೆಯುತ್ತೇವೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಕೇರಿಯ ಮಕ್ಕಳಿಗಷ್ಟೇ ಬೇಕಾದ ಪುಸ್ತಕವಲ್ಲ. ಊರಿನ ಮಕ್ಕಳಿಗೆ ಇನ್ನೂ ಹೆಚ್ಚು ಬೇಕು. ನಾಳೆ ಶಿಕ್ಷಕರಾಗುವವರಿಗಂತೂ ಬೇಕೇ ಬೇಕು.

ಇಲ್ಲಿ ಸಹೋದ್ಯೋಗಿಗಳು ಎತ್ತುವ ಆಕ್ಷೇಪಗಳಿವೆ. ಮೊದಲನೆಯದು, ಲೇಖಕರನ್ನು ಜಾತಿ ಧರ್ಮಗಳಿಂದ ಗುರುತಿಸುವುದು ಸರಿಯೇ ಎಂಬುದು. ತರಗತಿಯಲ್ಲಿ ಹಾಗೆ ಗುರುತಿಸಬೇಡಿ ಎಂದೇ ನಾನೂ ಹೇಳುತ್ತೇನೆ. ಕಥೆಯನ್ನು ಕಥೆಯಾಗಿ ಓದಿ. ಓದುವಾಗ ಒಂದು ಮಗುವಿನ ಕಡೆ ನೋಡಿ “ಇದು ನಿಮ್ಮ ಕಡೆಯ ಕಥೆ ಅಲ್ವಾ?” ಎಂದು ಯಾವತ್ತೂ ಕೇಳಬೇಡಿ. ಆ ಒಂದು ಪ್ರಶ್ನೆ ಇಡೀ ಓದನ್ನು ಕೆಡಿಸುತ್ತದೆ. ಆದರೆ ಯಾವ ಪುಸ್ತಕ ತರಿಸಬೇಕು ಎಂದು ಆರಿಸುವಾಗ ಯಾರು ಬಿಟ್ಟುಹೋಗಿದ್ದಾರೆ ಎಂದು ನೋಡಲೇಬೇಕು. ಆರಿಸುವಾಗ ಕಣ್ಣು ಮುಚ್ಚಿದರೆ ಇದ್ದ ಭೇದವೇ ಮುಂದುವರಿಯುತ್ತದೆ.

ಎರಡನೆಯದು, ಪಠ್ಯದಲ್ಲೇ ಈ ಲೇಖಕರಿಗೆ ಜಾಗ ಕೊಟ್ಟಿದ್ದಾರಲ್ಲ ಎಂಬುದು. ಕೊಟ್ಟಿದ್ದಾರೆ, ಸಂತೋಷ. ಆದರೆ ಪಠ್ಯದ ಜಾಗ ಗಟ್ಟಿಯಲ್ಲ. ದೇವನೂರ ಮಹಾದೇವ ಅವರ ‘ಎದೆಗೆ ಬಿದ್ದ ಅಕ್ಷರ’ ಹತ್ತನೇ ತರಗತಿಯ ಪಾಠವಾಗಿತ್ತು. 2022ರ ಪಠ್ಯ ಪರಿಷ್ಕರಣೆಯ ವಿವಾದದಲ್ಲಿ ಅವರು ತಮ್ಮ ಅನುಮತಿಯನ್ನೇ ಹಿಂದಕ್ಕೆ ಪಡೆದರು. ಆ ವಿವಾದದಲ್ಲಿ ಯಾರ ನಿಲುವು ಏನೇ ಇರಲಿ, ನಮಗೆ ಬೇಕಾದ ಪಾಠ ಒಂದು: ಪಠ್ಯಪುಸ್ತಕ ಸಮಿತಿಗಳೊಂದಿಗೆ ಬದಲಾಗುತ್ತದೆ. ಕಪಾಟಿನಲ್ಲಿರುವ ಪುಸ್ತಕ, ಅದನ್ನು ಕೇಳುವ ಓದುಗರು ಇರುವವರೆಗೆ ಇರುತ್ತದೆ.

ಮೂರನೆಯದು, ಗ್ರಂಥಾಲಯಗಳಿವೆಯಲ್ಲ ಎಂಬುದು. ಇವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿ, ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳನ್ನು ಸೆಳೆಯುತ್ತಿವೆ. ಆದರೆ ಗ್ರಂಥಾಲಯಕ್ಕೆ ಬರುವ ಪುಸ್ತಕದ ಪಟ್ಟಿ ಬಹುಪಾಲು ಬೇರೆ ಕಡೆ ತಯಾರಾಗುತ್ತದೆ. ಅಂಗಡಿ ಹಾಗಲ್ಲ, ಎದುರಿಗೆ ನಿಂತು ಕೇಳಿದವರ ಮಾತಿಗೆ ಅದು ಬಾಗುತ್ತದೆ. ಇನ್ನು ಮೊಬೈಲಿನಲ್ಲಿ ಪಿಡಿಎಫ್ ಸಿಗುತ್ತದೆ ಎನ್ನುವವರಿಗೆ ಒಂದೇ ಮಾತು: ಕದ್ದ ಪಿಡಿಎಫ್ ಓದಿ ಬೆಳೆದ ಓದುಗರಿಂದ ಯಾವ ಸಣ್ಣ ಪ್ರಕಾಶಕನೂ ಎರಡನೇ ಮುದ್ರಣ ಕಂಡಿಲ್ಲ.

ಅಂಗಡಿ ಎಂದರೆ ನಾಲ್ಕು ಗೋಡೆಯೇ ಆಗಬೇಕೆಂದಿಲ್ಲ. ಗುಬ್ಬಿ ಎಂದರೆ ನಾಟಕ ಕಂಪನಿ. 1884ರಲ್ಲಿ ಹುಟ್ಟಿ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ತಿರುಗಿದ ಆ ಕಂಪನಿ ಜನ ಇರುವಲ್ಲಿಗೆ ತಾನೇ ಹೋಯಿತು. ಕಂಪನಿ ನಾಟಕಗಳ ಕಾಲದಲ್ಲಿ ಹಾಡಿನ ಪುಸ್ತಕಗಳು ಡೇರೆಯ ಬಳಿಯೇ ಬಿಕರಿಯಾಗುತ್ತಿದ್ದವು. ಸಿದ್ಧಗಂಗೆಯ ಜಾತ್ರೆಗೂ ಎಡೆಯೂರಿನ ಜಾತ್ರೆಗೂ ಜನ ಸೇರುವ ಹಾಗೆ, ಜನ ಸೇರುವ ಕಡೆ ಪುಸ್ತಕ ಹೋಗಬೇಕು. ಗದಗಿನ ಲಡಾಯಿ ಪ್ರಕಾಶನ ಉತ್ತರ ಕರ್ನಾಟಕದ ಊರುಗಳಲ್ಲಿ ಮೇ ಸಾಹಿತ್ಯ ಮೇಳವನ್ನು ಕಟ್ಟಿದ್ದು ಹೀಗೆಯೇ. ಅಲ್ಲಿ ಮಾತೂ ಇದೆ, ಪುಸ್ತಕವೂ ಇದೆ, ಕೊಂಡ ಪುಸ್ತಕದ ಬಗ್ಗೆ ಜಗಳವಾಡಲು ಜನರೂ ಇದ್ದಾರೆ. ಸಮುದಾಯ ಕಟ್ಟುವುದು ಎಂದರೆ ಇದೇ.

ಹಾಗಾದರೆ ನಾವೇನು ಮಾಡಬಹುದು? ನನ್ನ ಸಲಹೆಗಳು ಇವು.

ಒಂದು, ಕೊಳ್ಳುವುದು. ಬಿ.ಇಡಿ.ಯಲ್ಲಿ ಒಂದು ಘಟಕ ಎಂದರೆ 50 ಪ್ರಶಿಕ್ಷಣಾರ್ಥಿಗಳು. ಎರಡು ಘಟಕಗಳಿರುವ ಕಾಲೇಜಿನಲ್ಲಿ ವರ್ಷಕ್ಕೆ 100 ಮಂದಿ. ಅವರಲ್ಲಿ ವಿದ್ಯಾರ್ಥಿವೇತನ ನಂಬಿ ಓದುವವರು ಅನೇಕರು, ಆದ್ದರಿಂದ ಎಲ್ಲರೂ ಕೊಳ್ಳಲೇಬೇಕೆಂಬ ಒತ್ತಾಯ ಕೂಡದು. ಐದೈದು ಜನರ 20 ಗುಂಪು ಮಾಡಿ, ಗುಂಪಿಗೆ ಐದು ಪುಸ್ತಕದಂತೆ ತರಿಸಿದರೆ 100 ಪ್ರತಿಗಳಾದವು. ಒಬ್ಬರ ಪಾಲಿಗೆ ಬರುವುದು ಒಂದು ಪುಸ್ತಕದ ಬೆಲೆ, ಓದಲು ಸಿಗುವುದು ಐದು. ಅದನ್ನೂ ಕೊಡಲಾಗದವರ ಪಾಲನ್ನು ಕಾಲೇಜು ಹೊರಲಿ. ಸಾವಿರ ಪ್ರತಿ ಅಚ್ಚು ಹಾಕಿ ಎದೆ ಹಿಡಿದುಕೊಂಡು ಕೂರುವ ಸಣ್ಣ ಪ್ರಕಾಶಕರಿಗೆ ಈ ನೂರು ಸಣ್ಣ ಸಂಖ್ಯೆಯಲ್ಲ. ಇದನ್ನು ಬೆಂಗಳೂರಿನಿಂದ ಪಾರ್ಸೆಲ್ ತರಿಸಬೇಡಿ. ಊರಿನ ಅಂಗಡಿಯ ಮೂಲಕವೇ ತರಿಸಿ. ಆಗ ಆ ಹೆಸರುಗಳು ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಹತ್ತುತ್ತವೆ.

ಎರಡು, ಓದುವುದು. ಎರಡನೇ ವರ್ಷದ ಇಂಟರ್ನ್‌ಶಿಪ್ 16 ವಾರ. ವಾರಕ್ಕೊಂದು ದಿನ ಐದು ನಿಮಿಷ ಒಬ್ಬ ಲೇಖಕರ ಒಂದು ಪುಟವನ್ನು ಗಟ್ಟಿಯಾಗಿ ಓದಿದರೂ ಮಕ್ಕಳ ಕಿವಿಗೆ 16 ಲೇಖಕರು ಬೀಳುತ್ತಾರೆ. ಇದಕ್ಕೆ ಬೇರೆ ಘಟಕ ಯೋಜನೆ ಬೇಡ, ಪರೀಕ್ಷೆಯೂ ಬೇಡ. ಪ್ರಶ್ನೋತ್ತರ ಬರೆಸಲು ಹೊರಟರೆ ಅದೂ ಗೈಡೇ ಆಗುತ್ತದೆ.

ಮೂರು, ಕರೆಯುವುದು. ವರ್ಷಕ್ಕೆರಡು ಸಲ ಕಾಲೇಜಿನ ಅಂಗಳದಲ್ಲಿ ಇಂಥ ಮಾರಾಟಗಾರರಿಗೆ ಮೇಜು ಹಾಕಿಕೊಡೋಣ. ಜಯಂತಿಯ ದಿನ ಬಿಸಿಲಲ್ಲಿ ಕೂರುವವರಿಗೆ ಮರದ ನೆರಳು, ಕುಡಿಯಲು ನೀರು, ಒಂದು ಟೀ. ಅವತ್ತು ಅಭ್ಯಾಸ ಶಾಲೆಗಳ ಮಕ್ಕಳೂ ಪೋಷಕರೂ ಬರಲಿ. ಜಿಲ್ಲೆಯ ಒಬ್ಬ ಲೇಖಕರು ಬಂದು ಅರ್ಧ ಗಂಟೆ ಮಾತಾಡಲಿ. ಗಣೆ ನುಡಿಸುವವರೊಬ್ಬರು ಬಂದು ಜುಂಜಪ್ಪನನ್ನು ಹಾಡಲಿ. ಅಚ್ಚಾದ ಪುಸ್ತಕ ಮತ್ತು ಬಾಯಿಂದ ಬಾಯಿಗೆ ಬಂದ ಕಾವ್ಯ ಒಂದೇ ಅಂಗಳದಲ್ಲಿ ಇರಲಿ. ಬಂದವರಿಗೆ ಹಾರ ತುರಾಯಿ ಬೇಡ, ಪ್ರಯಾಣದ ಖರ್ಚು ಮತ್ತು ಗೌರವಧನ ಕೊಡೋಣ.

ನಾಲ್ಕು, ಮೌಲ್ಯಮಾಪನ. ಇದು ಬೋಧಕರಾದ ನಮಗೆ. ಅವಲೋಕನ ಪಟ್ಟಿಯಲ್ಲಿ ಕಪ್ಪುಹಲಗೆ ಬಳಕೆಗೆ ಅಂಕವಿದೆ, ಧ್ವನಿಯ ಏರಿಳಿತಕ್ಕೆ ಅಂಕವಿದೆ. ಪಠ್ಯದಾಚೆಗಿನ ಒಂದು ಪುಸ್ತಕವನ್ನು ಪ್ರಶಿಕ್ಷಣಾರ್ಥಿ ತಾನೇ ಹುಡುಕಿ, ಓದಿ ತಂದಿದ್ದರೆ ಅದಕ್ಕೂ ಒಂದೆರಡು ಅಂಕವಿರಲಿ. ನಾವು ಅಂಕ ಕೊಡದ ಕೆಲಸವನ್ನು ಪ್ರಶಿಕ್ಷಣಾರ್ಥಿಗಳು ಮಾಡಬೇಕೆಂದು ಭಾಷಣ ಮಾಡುವುದರಲ್ಲಿ ಅರ್ಥವಿಲ್ಲ.

ಇದರಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಒಂದು ಕಪಾಟು ಜಾತಿಯನ್ನು ಅಳಿಸುವುದಿಲ್ಲ. ಆದರೆ ನಮ್ಮಲ್ಲಿ ಓದಿ ಹೋದವರು ಮುಂದೆ ಮೂವತ್ತು ವರ್ಷ ಕೆಲಸದಲ್ಲಿರುತ್ತಾರೆ, ಒಬ್ಬೊಬ್ಬರ ಕೈಯಲ್ಲೂ ಸಾವಿರಾರು ಮಕ್ಕಳು ಓದಿ ಹೋಗುತ್ತಾರೆ. ಆ ಶಿಕ್ಷಕರಿಗೆ ಊರಿನ ಪುಸ್ತಕದಂಗಡಿಯ ಪರಿಚಯವೇ ಇಲ್ಲದಿದ್ದರೆ ಆ ಮಕ್ಕಳಿಗೆ ಗೈಡೇ ಸಾಹಿತ್ಯವಾಗುತ್ತದೆ.

ಅಂಗಡಿಯವರು ಜೂನ್‌ ತಿಂಗಳ ಮಾಲಿಗೆ ಆರ್ಡರ್ ಹಾಕುವುದು ಬೇಸಿಗೆ ರಜೆಯಲ್ಲಿ. ಆದ್ದರಿಂದ ನಮ್ಮ ಪಟ್ಟಿ ಏಪ್ರಿಲ್ ಮುಗಿಯುವುದರೊಳಗೆ ಅವರ ಕೈಯಲ್ಲಿರಬೇಕು. ಪ್ರತಿ ಪದ್ಧತಿ ವಿಭಾಗದವರು ಹತ್ತು ಹತ್ತು ಹೆಸರು ಬರೆದುಕೊಟ್ಟರೆ ಪಟ್ಟಿ ಸಿದ್ಧವಾಗುತ್ತದೆ. ವಿಜ್ಞಾನದವರು, ಗಣಿತದವರು ತಮಗೆ ಇದು ಸಂಬಂಧವಿಲ್ಲ ಎಂದುಕೊಳ್ಳಬಾರದು, ಆ ಮಕ್ಕಳು ಅವರ ತರಗತಿಯಲ್ಲೂ ಕೂತಿದ್ದಾರೆ. ಕನ್ನಡ ವಿಭಾಗದ ಹತ್ತು ಹೆಸರನ್ನು ನಾನು ಬರೆದಿಟ್ಟಿದ್ದೇನೆ. ಕೆ.ಬಿ. ಸಿದ್ದಯ್ಯನವರ ಹೆಸರು ಮೊದಲಿಗಿದೆ.